ಕಾಲೇಜಿನ ವಸಂತೋತ್ಸವ: ಮುಗಿಯುವ ಹೊತ್ತಿನಿಂದ ಲೆಕ್ಕ ಹಾಕಿ

ಮುಂಬಯಿಯ ಕಾಲೇಜುಗಳಲ್ಲಿ ಕನ್ನಡ ವಿದ್ಯಾರ್ಥಿಗಳು ಸೇರಿ ವಸಂತೋತ್ಸವ ನಡೆಸಲು ಹೊರಟಾಗ, ಮೊದಲ ಸಭೆಯ ಬಹುಪಾಲು ಸಮಯ ಮುಖ್ಯ ಅತಿಥಿ ಯಾರೆಂಬ ಚರ್ಚೆಗೇ ಹೋಗುತ್ತದೆ. ಅದನ್ನು ಬದಿಗಿಟ್ಟು, ಕಾರ್ಯಕ್ರಮ ಎಷ್ಟು ಗಂಟೆಗೆ ಮುಗಿಯಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ವಿರಾರ್, ಡೊಂಬಿವಿಲಿ, ಪನ್ವೇಲ್‌ಗಳಿಂದ ಬರುವ ಮಕ್ಕಳು ಲೋಕಲ್ ಹಿಡಿದು ಮನೆ ಸೇರಬೇಕಾದ್ದರಿಂದ ವಂದನಾರ್ಪಣೆ ರಾತ್ರಿ 8.30ಕ್ಕೆ ಮುಗಿದಿರಬೇಕು. ಉಳಿದ ನಿರ್ಧಾರಗಳನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದರೆ ಸಾಕು.

ಎರಡನೆಯದು ದಿನಾಂಕ. ವಸಂತ ಪಂಚಮಿಯಿಂದ ಯುಗಾದಿಯವರೆಗಿನ ಅವಧಿ ನೋಡಲು ದೀರ್ಘವಾಗಿದ್ದರೂ ಕೈಗೆ ಸಿಗುವ ದಿನಗಳು ಕಡಿಮೆ. ನಗರದ ಅನೇಕ ಕಾಲೇಜುಗಳಲ್ಲಿ ಜೂನಿಯರ್ ಕಾಲೇಜೂ (11, 12ನೇ ತರಗತಿ) ಅದೇ ಕಟ್ಟಡದಲ್ಲಿರುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ 12ನೇ ತರಗತಿಯ ಬೋರ್ಡ್ ಪರೀಕ್ಷೆ ಅಲ್ಲಿಯೇ ನಡೆಯುವುದಾದರೆ ಸಭಾಗೃಹ ಸಿಗುವುದಿಲ್ಲ. ಯುಗಾದಿಯನ್ನೇ ನೆಚ್ಚಿಕೊಂಡರೆ ಇನ್ನೊಂದು ತೊಡಕಿದೆ. 2026ರಲ್ಲಿ ಮಾರ್ಚ್ 19ಕ್ಕೆ ಬಂದ ಹಬ್ಬ, ಆ ವರ್ಷದ ಅಧಿಕ ಜ್ಯೇಷ್ಠ ಮಾಸದಿಂದಾಗಿ 2027ರಲ್ಲಿ ಏಪ್ರಿಲ್ 7ಕ್ಕೆ ಸರಿಯುತ್ತದೆ. ಅಷ್ಟರಲ್ಲಿ ಪದವಿ ತರಗತಿಗಳ ಪರೀಕ್ಷೆಯ ಬಿಸಿ ಏರಿರುತ್ತದೆ. ಮೇಲಾಗಿ ಯುಗಾದಿಯ ದಿನವೇ ಬರುವ ಗುಡಿ ಪಾಡವಾದಂದು ಮಹಾರಾಷ್ಟ್ರದಲ್ಲಿ ರಜೆ, ಎಲ್ಲರ ಮನೆಯಲ್ಲೂ ಹಬ್ಬ. ಆದ್ದರಿಂದ ವಸಂತ ಪಂಚಮಿಯ ಆಸುಪಾಸಿನ ಶನಿವಾರವೇ ಸೂಕ್ತವೆಂದು ನನ್ನ ಅಭಿಪ್ರಾಯ. ಭಾನುವಾರ ಬೇಡ, ಹಳಿ ದುರಸ್ತಿಗೆಂದು ಕೆಲವು ಗಂಟೆ ಲೋಕಲ್ ಓಡಾಟ ತಡೆಯುವ ರೈಲ್ವೆಯ ಮೆಗಾ ಬ್ಲಾಕ್ ಇದ್ದರೆ ಪ್ರೇಕ್ಷಕರಿಗಿಂತ ಮೊದಲು ಕಲಾವಿದರೇ ತಡವಾಗಿ ಬರುತ್ತಾರೆ.

ಅನುಮತಿಯ ಕೆಲಸವನ್ನು ಕನಿಷ್ಠ ಒಂದು ತಿಂಗಳು ಮುಂಚೆ ಆರಂಭಿಸಬೇಕು. ಪ್ರಾಂಶುಪಾಲರ ಲಿಖಿತ ಒಪ್ಪಿಗೆಯ ಪ್ರತಿಯೊಂದಿಗೆ ಸ್ಥಳೀಯ ಪೊಲೀಸ್ ಠಾಣೆಗೆ ಅರ್ಜಿ ಸಲ್ಲಿಸಿ. ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಹಗುರ. ಮೈದಾನದಲ್ಲಿ ಪೆಂಡಾಲ್ ಹಾಕುವುದಾದರೆ ಮಹಾನಗರಪಾಲಿಕೆಯ ವಾರ್ಡ್ ಕಚೇರಿಗೂ ಅಗ್ನಿಶಾಮಕ ದಳಕ್ಕೂ ಅಲೆಯಬೇಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿಯೇ 55 ಡೆಸಿಬೆಲ್. ಚೆಂಡೆಯೊಂದೇ ಈ ಮಿತಿಯನ್ನು ದಾಟಿಬಿಡುವುದರಿಂದ ಸಭಾಗೃಹದೊಳಗೆ ನಡೆಸುವುದೇ ಲೇಸು. ಹಾಡು, ನಾಟಕಗಳ ವಿಷಯದಲ್ಲಿ ಸ್ವಲ್ಪ ನಿರಾಳವಾಗಿರಬಹುದು: ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ, ಪೋಷಕರು ಹಾಗೂ ಸಂಸ್ಥೆಗೆ ಸಂಬಂಧಪಟ್ಟವರಷ್ಟೇ ಇರುವ ಸಭೆಯ ಮುಂದೆ ಪ್ರದರ್ಶನ ನೀಡಿದರೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಆದರೆ ನಾಟಕವನ್ನು ಸಾರ್ವಜನಿಕರಿಗೆ ತೆರೆದಿಟ್ಟರೆ ಈ ವಿನಾಯಿತಿಯನ್ನು ನೆಚ್ಚುವಂತಿಲ್ಲ. ಜೊತೆಗೆ ನಾಟಕದ ಹಸ್ತಪ್ರತಿಯನ್ನು ಪರಿಶೀಲಿಸುವ ರಾಜ್ಯದ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳದ ಪ್ರಮಾಣಪತ್ರವೂ ಬೇಕಾಗುತ್ತದೆ.

ಕಾರ್ಯಕ್ರಮಪಟ್ಟಿಯಲ್ಲಿ ಅತಿ ಹೆಚ್ಚು ಸಿದ್ಧತೆ ಬೇಡುವುದು ಯಕ್ಷಗಾನ. ಮುಂಬಯಿಯ ತುಳು-ಕನ್ನಡ ಮನೆಗಳ ಮಕ್ಕಳಿರುವ ಕಾಲೇಜಿನಲ್ಲಿ ಅದನ್ನು ಬಿಡುವ ಮಾತೇ ಇಲ್ಲ. ಮುಕ್ಕಾಲು ಗಂಟೆಯ ಪ್ರಸಂಗಭಾಗವೊಂದನ್ನು ಆರಿಸಿಕೊಳ್ಳಿ. ಆದರೆ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರಗಳ ವೇಷ, ಬೇಡ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದಾಗಿ ಮುಳ್ಳಿನಂಥ ಚುಟ್ಟಿ ಇಡುತ್ತ ಹೋಗುವುದಕ್ಕೆ ಮೂರು ಗಂಟೆಗೂ ಹೆಚ್ಚು ಹಿಡಿಯಬಹುದು. ತರುಣ ವೀರರ ಪುಂಡುವೇಷ, ಸ್ತ್ರೀವೇಷಗಳಿಗೆ ಅಷ್ಟು ಕಾಲ ಬೇಡ. ರಂಗದ ಹಿಂದಿನ ತರಗತಿಯನ್ನು ಚೌಕಿಯಾಗಿ (ವೇಷ ಕಟ್ಟುವ ಕೋಣೆಯಾಗಿ) ಮಾಡುವಾಗ ಬೆಂಚುಗಳನ್ನು ಹೊರಗಿಟ್ಟು, ನೆಲಕ್ಕೆ ಚಾಪೆ ಹಾಸಿ, ಅದರ ಮೇಲೆ ಹಳೆಯ ಪತ್ರಿಕೆಗಳನ್ನು ಹರಡಬೇಕು. ಕೆಂಪು ಬಣ್ಣ ಗೋಡೆಗೆ ತಗುಲಿದರೆ ಮುಂದಿನ ವರ್ಷ ಆ ಕೊಠಡಿ ಸಿಗುವುದಿಲ್ಲ. ಬಣ್ಣ ತೆಗೆಯಲು ತೆಂಗಿನೆಣ್ಣೆ, ಮೆತ್ತನೆಯ ಹಳೆಬಟ್ಟೆ ಮತ್ತು ಅರ್ಧ ಗಂಟೆ ಬೇಕೇ ಬೇಕು. ಆದ್ದರಿಂದ ಈ ಭಾಗವನ್ನು ಕೊನೆಗಿಡದೆ 7 ಗಂಟೆಗೆ ಇರಿಸಿ, ಸಮೂಹ ಗಾಯನದಿಂದ ಮುಗಿಸಿದರೆ ವೇಷಧಾರಿಗಳೂ ಎಲ್ಲರೊಂದಿಗೆ ಹೊರಡಬಹುದು. ಧ್ವನಿ ವ್ಯವಸ್ಥೆಯವರಿಗೆ ಮೊದಲೇ ಹೇಳಿಡಿ: ಮೈಕು ಹಾಡುವ ಭಾಗವತರಿಗೆ ಹಾಗೂ ಮಾತುಗಾರಿಕೆಗೆ ಬೇಕು, ಚೆಂಡೆಗೆ ಬೇಡ.

ಭಾಷಣಗಳಿಗೆ ಒಟ್ಟು 20 ನಿಮಿಷ ಸಾಕು. ನಿರೂಪಣೆ ಕನ್ನಡದಲ್ಲಿರಲಿ, ನಡುನಡುವೆ ಮರಾಠಿಯಲ್ಲಿ ಎರಡು ವಾಕ್ಯ ಸೇರಿಸಿದರೆ ಇತರ ಸಹಪಾಠಿಗಳೂ ಕೂರುತ್ತಾರೆ.

ತಿನಿಸಿಗೆ ಕೋಸಂಬರಿ, ಪಾನಕ ಇದ್ದರೆ ಹೆಚ್ಚು ಖರ್ಚಿಲ್ಲ. ಕೋಸಂಬರಿಗೆ ಉಪ್ಪು, ನಿಂಬೆರಸವನ್ನು ಬಡಿಸುವ ಹೊತ್ತಿಗೇ ಬೆರೆಸಬೇಕು. ಮುಂಚೆ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಸೆಕೆಗೆ ಬೇಗ ಹಳಸುತ್ತದೆ. ಮಾವಿನೆಲೆ, ಹೂವುಗಳಿಗೆ ದಾದರ್ ಹೂವಿನ ಮಾರುಕಟ್ಟೆಗೆ ನಸುಕಿನಲ್ಲೇ ಹೋಗುವುದು ವಾಸಿ. ಬಾಳೆಎಲೆ ಮಾಟುಂಗದಲ್ಲಿ ಸಿಗುತ್ತದೆ. ಥರ್ಮಾಕೋಲ್ ತಟ್ಟೆಗಳಿಗೆ ಮಹಾರಾಷ್ಟ್ರದಲ್ಲಿ 2018ರಿಂದಲೇ ನಿಷೇಧವಿರುವುದರಿಂದ ಅಡಿಕೆ ಹಾಳೆಯ ತಟ್ಟೆ ತರಿಸಿ.

ಖರ್ಚಿನ ರಸೀದಿಗಳನ್ನು ಒಬ್ಬರೇ ಇಟ್ಟುಕೊಂಡು ವಾರದೊಳಗೆ ಲೆಕ್ಕ ಒಪ್ಪಿಸಬೇಕು. ಅನುಮತಿ ಪತ್ರಗಳ ಪ್ರತಿ, ಬಾಡಿಗೆಯವರ ಫೋನ್ ನಂಬರುಗಳಿರುವ ಫೈಲನ್ನು ಅಂತಿಮ ವರ್ಷದವರು ಒಯ್ಯದೆ, ದ್ವಿತೀಯ ವರ್ಷದ ಒಬ್ಬರ ಕೈಗೆ ಕೊಟ್ಟು ಹೋಗಲಿ.