ಮದುವೆಗೆ ಮುಂಚೆ ಬುಡಾಪೆಸ್ಟ್‌ನಲ್ಲಿ ಎರಡು ರಾತ್ರಿ: ಗೆಳತಿಯರ ಗುಂಪನ್ನು ಕರೆದೊಯ್ಯುವುದು ಹೇಗೆ?

ಮದುವೆಗೆ ಒಂದೆರಡು ತಿಂಗಳು ಇರುವಾಗ ಗೆಳತಿಯರೆಲ್ಲ ಸೇರಿ ಮದುಮಗಳನ್ನು ಬೇರೊಂದು ಊರಿಗೆ ಕರೆದುಕೊಂಡು ಹೋಗಿ, ಎರಡು ದಿನ ನಕ್ಕು ನಲಿದು ಬರುವುದು ಯುರೋಪಿನಲ್ಲಿ ಈಗ ರೂಢಿಯೇ ಆಗಿದೆ. ಬ್ರಿಟನ್ನಿನವರು ಇದನ್ನು ಹೆನ್ ಪಾರ್ಟಿ ಎನ್ನುತ್ತಾರೆ. ಗಂಡಸರದ್ದಾದರೆ ಸ್ಟ್ಯಾಗ್. ಹಂಗೇರಿಯವರು ಲಾಞ್‌ಬೂಚೂ ಎನ್ನುತ್ತಾರೆ, ಅಂದರೆ ಹುಡುಗಿಗೆ ಬೀಳ್ಕೊಡುಗೆ. ನಮ್ಮ ಬಳೆಶಾಸ್ತ್ರದ ದಿನ ಅಂಗಳದಲ್ಲಿ ಎಲ್ಲರೂ ಕೈಚಾಚಿ ಕೂತಿರುವಾಗ ಇರುತ್ತದಲ್ಲ, ಆ ಸಲಿಗೆ, ಆ ಗಲಾಟೆ? ಇಲ್ಲೂ ಅದೇ ಇರುತ್ತದೆ.

ನಾನು ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಥ ಎರಡು ಪ್ರವಾಸಗಳ ಹೊಣೆ ಹೊತ್ತಿದ್ದೇನೆ, ಎರಡೂ ಬುಡಾಪೆಸ್ಟ್‌ಗೆ. ಮೊದಲನೆಯದರಲ್ಲಿ ಇಬ್ಬರು ಗೆಳತಿಯರು ಕೊನೆಗೆ ಬರಲೇ ಇಲ್ಲ. ಒಬ್ಬಳಿಗೆ ಖರ್ಚು ಭಾರವಾಗಿತ್ತು, ಹೇಳಿಕೊಳ್ಳಲು ಸಂಕೋಚ. ಇನ್ನೊಬ್ಬಳಿಗೆ ವೀಸಾ ಸಿಗುವಷ್ಟು ಸಮಯ ಇರಲಿಲ್ಲ, ನಾವು ಅಷ್ಟು ತಡವಾಗಿ ಹೇಳಿದ್ದೆವು. ಮದುಮಗಳು ಆ ಎರಡು ದಿನವೂ ಅವರಿಬ್ಬರ ಹೆಸರು ಹೇಳುತ್ತಲೇ ಇದ್ದಳು. ಹಾಗಾಗಿ ಎರಡನೇ ಸಲ ಊರು, ಹೋಟೆಲು, ಪಾರ್ಟಿ ಎಲ್ಲವನ್ನೂ ಬದಿಗಿಟ್ಟು, ಬರಬೇಕಾದವರೆಲ್ಲ ಬರಲು ಆಗುತ್ತದಾ ಎಂಬುದನ್ನೇ ಮೊದಲು ನೋಡಿದೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲು ದುಡ್ಡಿನ ಮಾತು, ಒಬ್ಬೊಬ್ಬರ ಹತ್ತಿರ

ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಎಲ್ಲರಿಗೂ ಇಷ್ಟು ಖರ್ಚು ಓಕೆನಾ?" ಎಂದು ಕೇಳಬೇಡಿ. ಎಲ್ಲರೂ ಓಕೆ ಎನ್ನುತ್ತಾರೆ. ಇಲ್ಲ ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆಯಾಗಿ ಫೋನ್ ಮಾಡಿ. ಪ್ರಯಾಣ, ವಸತಿ, ಊಟ, ಓಡಾಟ ಎಲ್ಲ ಸೇರಿ ಎಷ್ಟರೊಳಗೆ ಆಗಬೇಕು ಎಂದು ಕೇಳಿ. ಎಲ್ಲಕ್ಕಿಂತ ಕಡಿಮೆ ಮೊತ್ತ ಯಾವುದು ಬಂತೋ ಅದೇ ನಿಮ್ಮ ಬಜೆಟ್. ಅದು ಯಾರು ಹೇಳಿದ್ದು ಎಂಬುದು ನಿಮ್ಮಲ್ಲೇ ಇರಲಿ.

ಅದೇ ಫೋನಿನಲ್ಲಿ ಇನ್ನೂ ನಾಲ್ಕು ವಿಷಯ ಕೇಳಿಕೊಳ್ಳಿ. ಏನು ತಿನ್ನುತ್ತಾರೆ? ಕುಡಿಯುತ್ತಾರಾ? ಈಜುಡುಗೆ ಹಾಕಿಕೊಳ್ಳಲು ಮುಜುಗರ ಇದೆಯಾ? ಪಾಸ್‌ಪೋರ್ಟ್ ಯಾವ ದೇಶದ್ದು, ವಾಸ ಎಲ್ಲಿ?

ಕೊನೆಯ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಹಂಗೇರಿ ಷೆಂಗೆನ್ ಪ್ರದೇಶದೊಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಷೆಂಗೆನ್ ದೇಶದ ವಾಸದ ಪರವಾನಗಿ ಇರುವವರು ಬೇರೆ ವೀಸಾ ಇಲ್ಲದೆ ಬರಬಹುದು. ಲಂಡನ್‌ನಲ್ಲಿ ಇರುವ ಗೆಳತಿಗೆ, ಅವಳ ಪಾಸ್‌ಪೋರ್ಟ್ ಭಾರತದ್ದಾಗಿದ್ದರೆ, ಷೆಂಗೆನ್ ವೀಸಾ ಬೇಕೇ ಬೇಕು. ಬೆಂಗಳೂರಿನಿಂದ ಬರುವವಳಿಗೂ ಅಷ್ಟೇ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ. ಅದನ್ನೂ ಅವಳ ಬಜೆಟ್‌ನೊಳಗೇ ಲೆಕ್ಕ ಹಾಕಿ. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಎಂದಿದ್ದರೂ ಜಾಸ್ತಿ ಆಗಬಹುದು, ಅರ್ಜಿ ಕೊಡುವ ದಿನಾಂಕ ಸಿಗುವುದೇ ಕೆಲವೊಮ್ಮೆ ಕಷ್ಟ. ಆದ್ದರಿಂದ 5 ತಿಂಗಳು ಮುಂಚೆ ದಿನ ಗೊತ್ತು ಮಾಡಿ.

ಯಾವ ವಾರಾಂತ್ಯ?

ಮದುವೆ ಕರ್ನಾಟಕದಲ್ಲಿ ಇದ್ದರೆ ಗೆಳತಿಯರು ಅದಕ್ಕಾಗಿ ರಜೆ ಉಳಿಸಿಕೊಂಡಿರುತ್ತಾರೆ. ಶುಕ್ರವಾರ ಒಂದೇ ದಿನ ರಜೆ ಕೇಳಿ, ಸಾಕು. ಮೇ ಮತ್ತು ಸೆಪ್ಟೆಂಬರ್ ಬುಡಾಪೆಸ್ಟ್‌ಗೆ ಒಳ್ಳೆಯ ತಿಂಗಳುಗಳು. ಆಗಸ್ಟ್ 20ರ ಆಸುಪಾಸು ಬೇಡ. ಅದು ಹಂಗೇರಿಯ ರಾಷ್ಟ್ರೀಯ ಹಬ್ಬ, ಡ್ಯಾನ್ಯೂಬ್ ನದಿಯ ಮೇಲೆ ಬಾಣಬಿರುಸು ನೋಡಲು ಊರೆಲ್ಲ ತುಂಬುತ್ತದೆ. ಸಿಗೆಟ್ ಸಂಗೀತೋತ್ಸವವೂ ಅದೇ ತಿಂಗಳಲ್ಲಿ ನಡೆಯುತ್ತದೆ.

ನಾನು ಬುಡಾಪೆಸ್ಟ್ ಆರಿಸಿದ್ದಕ್ಕೆ ಕಾರಣ ಇದೆ. ಮ್ಯೂನಿಕ್‌ನಿಂದ ನೇರ ರೈಲು, ಸುಮಾರು 7 ಗಂಟೆ. ವಿಯೆನ್ನಾದಿಂದ ಬರುವವರಿಗೆ ಮೂರು ಗಂಟೆಯೂ ಬೇಡ. ಊರಿನ ಮಧ್ಯದಲ್ಲಿ ನಡೆದೇ ಓಡಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕುಡಿಯದವರಿಗೂ ಇಲ್ಲಿ ದಿನವಿಡೀ ಮಾಡಲು ಏನಾದರೂ ಇರುತ್ತದೆ.

ಮನೆ ಹಿಡಿಯುವ ಮುನ್ನ ಪಿನ್‌ಕೋಡ್ ಓದಿ

ಬುಡಾಪೆಸ್ಟ್‌ನ ಪಿನ್‌ಕೋಡ್‌ನಲ್ಲಿ ನಾಲ್ಕು ಅಂಕಿ. ನಡುವಿನ ಎರಡು ಅಂಕಿ ಬಡಾವಣೆಯ ಸಂಖ್ಯೆ. 1075 ಎಂದಿದ್ದರೆ 7ನೇ ಬಡಾವಣೆ, 1061 ಎಂದಿದ್ದರೆ 6ನೆಯದು. ಇದನ್ನು ಯಾಕೆ ನೋಡಬೇಕು ಅಂದರೆ, 6ನೇ ಬಡಾವಣೆಯಾದ ತೆರೇಜ್‌ವಾರೊಶ್‌ನಲ್ಲಿ ಪ್ರವಾಸಿಗರಿಗೆ ಕೆಲವು ದಿನಗಳ ಮಟ್ಟಿಗೆ ಮನೆ ಬಾಡಿಗೆಗೆ ಕೊಡುವುದನ್ನು 2026ರ ಜನವರಿ 1ರಿಂದ ನಿಲ್ಲಿಸಿದ್ದಾರೆ. ಅಲ್ಲಿನ ನಿವಾಸಿಗಳೇ 2024ರಲ್ಲಿ ಮತ ಹಾಕಿ ತೀರ್ಮಾನಿಸಿದ್ದು. ಆ ಬಡಾವಣೆಯಲ್ಲಿ ಯಾರಾದರೂ ಅಗ್ಗಕ್ಕೆ ಮನೆ ಕೊಡುತ್ತೇನೆ ಎಂದರೆ ಮುಂಗಡ ಕೊಡಬೇಡಿ. ಹೋಟೆಲಿನಲ್ಲಿ ಉಳಿಯಲು ತೊಂದರೆ ಇಲ್ಲ.

ನಿವಾಸಿಗಳ ಕೋಪ ನನಗೆ ಅರ್ಥವಾಗುತ್ತದೆ. ನದಿಯ ಪೂರ್ವ ದಂಡೆಯ ಪೆಸ್ಟ್ ಭಾಗದ ಹಳೆಯ ಕಟ್ಟಡಗಳು ನಮ್ಮ ತೊಟ್ಟಿಮನೆಯ ಹಾಗಿವೆ. ನಡುವೆ ತೆರೆದ ಅಂಗಳ, ಸುತ್ತ ನಾಲ್ಕು ಮಹಡಿ, ಪ್ರತಿ ಮಹಡಿಗೂ ಉದ್ದಕ್ಕೆ ಜಗಲಿ, ಜಗಲಿಗೆ ತೆರೆಯುವ ಬಾಗಿಲುಗಳು. ರಾತ್ರಿ ಎರಡು ಗಂಟೆಗೆ ಒಬ್ಬರು ಜೋರಾಗಿ ನಕ್ಕರೆ ನಾಲ್ಕೂ ಮಹಡಿ ಎದ್ದು ಕೂರುತ್ತದೆ. ಆ ಬಾಗಿಲುಗಳ ಹಿಂದೆ ಮಕ್ಕಳು, ವಯಸ್ಸಾದವರು ಮಲಗಿರುತ್ತಾರೆ. ಹತ್ತು ಜನರ ಗುಂಪಾದರೆ ಸಣ್ಣ ಹೋಟೆಲೇ ಒಳ್ಳೆಯದು. ಮನೆಯೇ ಬೇಕೆಂದರೆ ಹತ್ತು ಗಂಟೆಯ ನಂತರ ಅಂಗಳದಲ್ಲಿ ಪಿಸುಮಾತು ಮಾತ್ರ ಎಂದು ಎಲ್ಲರಿಗೂ ಮೊದಲೇ ಹೇಳಿ. ಆಮ್ಸ್‌ಟರ್‌ಡ್ಯಾಮ್ ನಗರ 2023ರಲ್ಲಿ ಬ್ರಿಟನ್ನಿನ ಗಂಡಸರಿಗೆ "ಕುಡಿದು ಕುಣಿಯಲು ಇಲ್ಲಿಗೆ ಬರಬೇಡಿ" ಎಂಬಂಥ ಪ್ರಚಾರವನ್ನೇ ನಡೆಸಿತು. ಪ್ರಾಗ್ 2024ರಲ್ಲಿ ರಾತ್ರಿ ಹತ್ತರ ನಂತರ ಪ್ರವಾಸಿಗರನ್ನು ಗುಂಪುಗುಂಪಾಗಿ ಬಾರಿನಿಂದ ಬಾರಿಗೆ ಕರೆದೊಯ್ಯುವುದನ್ನು ನಿಲ್ಲಿಸಿತು. ಬುಡಾಪೆಸ್ಟ್‌ಗೂ ಆ ಗತಿ ಬರಬಾರದು.

ಹಣ ಕಟ್ಟುವ ಲೆಕ್ಕ ಹೀಗಿರಲಿ. ಹತ್ತು ಜನ, ಎರಡು ರಾತ್ರಿಯ ವಸತಿಗೆ 900 ಯೂರೋ ಎಂದುಕೊಳ್ಳಿ. ಮದುಮಗಳ ಪಾಲನ್ನು ಉಳಿದವರು ಹಂಚಿಕೊಳ್ಳುವುದು ರೂಢಿ. ಆಗ ಒಂಬತ್ತು ಜನಕ್ಕೆ ತಲಾ 100. ಇಬ್ಬರು ಕೊನೆಗೆ ಬಿಟ್ಟುಹೋದರೆ ಏಳು ಜನಕ್ಕೆ ತಲಾ 129 ಹತ್ತಿರ ಬರುತ್ತದೆ. ಜಗಳ ಶುರುವಾಗುವುದು ಈ 29ರಿಂದಲೇ. ಒಂದು ದಿನಾಂಕ ಹೇಳಿ, ಅದರೊಳಗೆ ಎಲ್ಲರಿಂದ ವಸತಿಯ ಹಣ ತೆಗೆದುಕೊಳ್ಳಿ. ಆಮೇಲೆ ಬರದಿದ್ದರೆ ಅದು ವಾಪಸ್ ಇಲ್ಲ ಎಂದು ಆಗಲೇ ಹೇಳಿ. ಸಂಕೋಚ ಬೇಡ. ಸಾಧ್ಯವಾದರೆ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ.

ಅರ್ಧ ದಿನಕ್ಕೆ ಒಂದೇ ಕಾರ್ಯಕ್ರಮ

ಹತ್ತು ಜನ ಒಂದು ಕಡೆಯಿಂದ ಹೊರಡಲು ಅರ್ಧ ಗಂಟೆ ಹಿಡಿಯುತ್ತದೆ. ಯಾರಾದರೂ ಚಾರ್ಜರ್ ಮರೆತಿರುತ್ತಾರೆ. ಆದ್ದರಿಂದ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು. ಅಷ್ಟೇ.

ಶುಕ್ರವಾರ ಸಂಜೆ ಎಲ್ಲರೂ ಬೇರೆ ಬೇರೆ ಹೊತ್ತಿಗೆ ಬಂದು ಸೇರುತ್ತಾರೆ. ವಿಮಾನದಲ್ಲಿ ಬರುವವರಿಗೆ 100ಇ ಬಸ್ ಊರ ಮಧ್ಯದ ದೇಯಾಕ್ ಚೌಕಕ್ಕೆ ತಲುಪಿಸುತ್ತದೆ. ಅದಕ್ಕೆ ಬೇರೆಯೇ ಟಿಕೆಟ್ ಕೊಳ್ಳಬೇಕು. ಆ ರಾತ್ರಿ ಏನೂ ಇಟ್ಟುಕೊಳ್ಳಬೇಡಿ. ಊಟ, ಮಾತು, 2ನೇ ನಂಬರ್ ಟ್ರಾಮ್‌ನಲ್ಲಿ ಒಂದು ಸುತ್ತು. ಪೆಸ್ಟ್ ದಂಡೆಯ ಉದ್ದಕ್ಕೂ ಹೋಗುವ ಈ ಟ್ರಾಮ್‌ನ ಕಿಟಕಿಯಲ್ಲಿ ದೀಪ ಹಾಕಿದ ಬುಡಾ ಕೋಟೆ, 1849ರಲ್ಲಿ ತೆರೆದ ಸರಪಳಿ ಸೇತುವೆ, ಸಂಸತ್ ಭವನ ಒಂದಾದ ಮೇಲೊಂದು ಬರುತ್ತವೆ. ದೋಣಿ ವಿಹಾರಕ್ಕೆ ದುಡ್ಡು ಕೊಡುವ ಮೊದಲು ಇದನ್ನು ನೋಡಿ. ಐದು ಜನ ಒಟ್ಟಿಗೆ ಓಡಾಡಲು 24 ಗಂಟೆಯ ಗುಂಪು ಪಾಸ್ ಸಿಗುತ್ತದೆ. ಹತ್ತು ಜನಕ್ಕೆ ಎರಡು ಪಾಸ್, ಆದರೆ ಐದೈದು ಜನ ಜೊತೆಯಲ್ಲೇ ಇರಬೇಕು.

ಶನಿವಾರ ಬೆಳಿಗ್ಗೆ ಬೇಗ ಎದ್ದು ಸೇಚೆನ್ಯಿ ಸ್ನಾನಗೃಹಕ್ಕೆ ಹೋಗಿ. ಇಡೀ ಪ್ರವಾಸದಲ್ಲಿ ಮರೆಯಬಾರದ್ದು ಇದೇ. 1896ರಲ್ಲಿ ಶುರುವಾದ ಪುಟ್ಟ ಹಳದಿ ಮೆಟ್ರೋ ನೇರವಾಗಿ ಬಾಗಿಲಿಗೇ ಬಿಡುತ್ತದೆ. ಸ್ನಾನಗೃಹ ತೆರೆದದ್ದು 1913ರಲ್ಲಿ. ನೆಲದ ಆಳದಿಂದ ಬರುವ ನೀರು 70 ಡಿಗ್ರಿಗಿಂತ ಜಾಸ್ತಿ ಬಿಸಿ. ಅದನ್ನು ತಣಿಸಿ ಕೊಳಗಳಿಗೆ ಬಿಡುತ್ತಾರೆ. ಹಳದಿ ಅರಮನೆಯಂಥ ಕಟ್ಟಡದ ನಡುವೆ, ಬಯಲಲ್ಲಿ, ಎದೆಮಟ್ಟದ ಬೆಚ್ಚಗಿನ ನೀರಿನಲ್ಲಿ ನಿಂತು ಚೆಸ್ ಆಡುವ ಅಜ್ಜಂದಿರನ್ನು ನೋಡಬಹುದು. ನಮ್ಮ ಮದುಮಗಳು ಎಣ್ಣೆಸ್ನಾನದ ದಿನ ಹಂಡೆ ನೀರು ಹಾಕಿಸಿಕೊಂಡವಳ ಹಾಗೆ ಕಣ್ಣು ಮುಚ್ಚಿ ಒಂದು ಗಂಟೆ ಕೂತಿದ್ದಳು. ಮದುವೆಯ ಓಡಾಟದ ದಣಿವೆಲ್ಲ ಅಲ್ಲೇ ಇಳಿಯಿತು.

ಅಲ್ಲಿಗೆ ಹೋಗಲು ಈಜುಡುಗೆ, ಟವೆಲ್, ರಬ್ಬರ್ ಚಪ್ಪಲಿ ಬೇಕು. ಈಜಲೆಂದೇ ಇರುವ ಕೊಳಕ್ಕೆ ಇಳಿಯುವುದಾದರೆ ತಲೆಗೆ ಟೋಪಿ ಕಡ್ಡಾಯ. ಬಟ್ಟೆ ಬದಲಿಸಲು ಇಬ್ಬರಿಗೆ ಒಂದು ಕ್ಯಾಬಿನ್ ತೆಗೆದುಕೊಂಡರೆ ನೆಮ್ಮದಿ. ಮೈ ಮುಚ್ಚುವ ಈಜುಡುಗೆ ಹಾಕಿಕೊಳ್ಳಲು ಇಷ್ಟಪಡುವವರು ಅದನ್ನೇ ತರಲಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಿಸಿಕೊಳಕ್ಕೆ ಇಳಿಯಬಾರದು. ಕುಡಿದು ಬಿಸಿನೀರಿಗೆ ಇಳಿಯುವುದಂತೂ ಯಾರಿಗೂ ಬೇಡ. ಬೆಳಿಗ್ಗೆ ಹೋಗಿ ಎಂದಿದ್ದು ಅದಕ್ಕೇ.

ಮಧ್ಯಾಹ್ನ ಮಾರ್ಗಿಟ್ ದ್ವೀಪ. ನದಿಯ ನಡುವೆ ಎರಡೂವರೆ ಕಿಲೋಮೀಟರ್ ಉದ್ದದ ತೋಟ. ಬ್ರಿಂಗೋಹಿಂತೋ ಎಂಬ ನಾಲ್ಕು ಚಕ್ರದ ತುಳಿಯುವ ಗಾಡಿ ಬಾಡಿಗೆಗೆ ಸಿಗುತ್ತದೆ. ನಾಲ್ಕೈದು ಜನ ಕೂತು ಎಲ್ಲರೂ ತುಳಿಯಬೇಕು. ಖರ್ಚು ಕಡಿಮೆ, ನಗು ಜಾಸ್ತಿ.

ಊಟ, ಗ್ಲಾಸು

ಶಾಕಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ಕೇಳಿ ತಿನ್ನಬೇಕು. ಲಾಂಗೋಶ್ ಎಂಬುದು ಅಂಗೈಗಿಂತ ದೊಡ್ಡ ಭಟೂರೆಯ ಹಾಗೆ, ಮೇಲೆ ಬೆಳ್ಳುಳ್ಳಿ, ಹುಳಿಕೆನೆ, ಚೀಸ್. ರಾಂತೊಟ್ ಶಾಯ್ತ್ ಎಂದರೆ ಕರಿದ ಚೀಸ್. ಫೋಜೆಲೇಕ್ ತರಕಾರಿ ಬೇಯಿಸಿ ಗಟ್ಟಿ ಮಾಡಿದ್ದು, ನಮ್ಮ ಕೂಟಿನ ದೂರದ ನೆಂಟ. ಇದರ ಮೇಲೆ ಮಾಂಸ ಇಟ್ಟು ಕೊಡುವುದೂ ಉಂಟು. "ಹೂಶ್ ನೇಲ್ಕುಲ್" ಎಂದರೆ ಮಾಂಸ ಇಲ್ಲದೆ ಎಂದರ್ಥ. ಸೂಪು ನೋಡಲು ಬರೀ ತರಕಾರಿಯಂತೆ ಇದ್ದರೂ ಮಾಂಸದ ಕಟ್ಟಿನಲ್ಲಿ ಮಾಡಿರಬಹುದು. ಬಿಸಿಬಿಸಿ ಕುರ್ತೋಶ್ ಕಲಾಚ್ ಸಿಹಿ ಸುರುಳಿಯನ್ನು ಮಾತ್ರ ಬಿಡಬೇಡಿ.

ರಾತ್ರಿಗೆ 7ನೇ ಬಡಾವಣೆಯ ರುಯಿನ್ ಬಾರುಗಳು. ಪಾಳುಬಿದ್ದ ಕಟ್ಟಡ, ಹಳೆಯ ಕುರ್ಚಿ, ಬಣ್ಣದ ದೀಪ. ಕಾಜಿಂಟ್ಸಿ ಬೀದಿಯ ಸಿಂಪ್ಲಾ ಕೆರ್ಟ್ ಇವುಗಳಲ್ಲಿ ಹೆಸರಾದದ್ದು. ಬೇಗ ಹೋದರೆ ಕೂರಲು ಜಾಗ ಸಿಗುತ್ತದೆ. ಪಾಲಿಂಕಾ ಹಣ್ಣಿನ ಸಾರಾಯಿ, ತುಂಬ ಸ್ಟ್ರಾಂಗ್. ಫ್ರೋಚ್ ಎಂದರೆ ವೈನಿಗೆ ಸೋಡಾ ಬೆರೆಸಿದ್ದು. ಕುಡಿಯದವರು ಸೋರ್ಪ್ ಕೇಳಲಿ, ಹಣ್ಣಿನ ಪಾನಕಕ್ಕೆ ಸೋಡಾ ಹಾಕಿ ಕೊಡುತ್ತಾರೆ. ಕುಡಿಯದವರ ಬಿಲ್ಲನ್ನು ಬೇರೆಯೇ ಇಡಿ. ಮೂರು ಸೋರ್ಪ್ ಕುಡಿದವಳು ಪಾಲಿಂಕಾಗೆ ಯಾಕೆ ದುಡ್ಡು ಕೊಡಬೇಕು?

ಬೀದಿಯಲ್ಲಿ ಪರಿಚಯವಾದವರು "ಒಳ್ಳೆ ಬಾರ್ ತೋರಿಸ್ತೀವಿ" ಎಂದರೆ ಹೋಗಬೇಡಿ. ದರಪಟ್ಟಿ ಇಲ್ಲದ ಕಡೆ ಕೂರಬೇಡಿ. ಇಲ್ಲಿನ ಹಣ ಫೋರಿಂಟ್. ಕಾರ್ಡ್ ಯಂತ್ರ ಯೂರೋದಲ್ಲಿ ಕೊಡುತ್ತೀರಾ ಎಂದು ಕೇಳಿದರೆ ಬೇಡ ಎನ್ನಿ, ಫೋರಿಂಟ್‌ನಲ್ಲೇ ಕೊಡಿ. ಬಿಲ್ಲಿನಲ್ಲಿ ಸರ್ವಿಸ್ ಶುಲ್ಕ ಸೇರಿದೆಯಾ ನೋಡಿ, ಸೇರಿದ್ದರೆ ಮತ್ತೆ ಟಿಪ್ಸ್ ಬೇಕಿಲ್ಲ. ತಡರಾತ್ರಿ ವಾಪಸಾಗಲು 6ನೇ ನಂಬರ್ ಟ್ರಾಮ್ ರಾತ್ರಿಯಿಡೀ ಓಡುತ್ತದೆ. ಇಬ್ಬಿಬ್ಬರ ಜೋಡಿ ಮಾಡಿ. ಯಾರೂ ಒಬ್ಬರೇ ಹೊರಡಬಾರದು. ತುರ್ತಿಗೆ 112.

ಒಂದು ಮಾತು ಮನಸ್ಸಿನಿಂದ ಹೇಳಬೇಕು. ನೀವು ಕುಣಿಯುವ ಈ ಬಡಾವಣೆಯಲ್ಲೇ 1944ರ ಕೊನೆಗೆ ಯಹೂದಿಗಳನ್ನು ಗೋಡೆ ಕಟ್ಟಿ ಕೂಡಿಹಾಕಿದ್ದರು. ಸಂಸತ್ ಭವನದ ಬಳಿ ನದಿದಂಡೆಯಲ್ಲಿ ಕಬ್ಬಿಣದ ಬೂಟುಗಳ ಸಾಲು ಇದೆ. ಗುಂಡಿಟ್ಟು ನದಿಗೆ ತಳ್ಳುವ ಮೊದಲು ಚಪ್ಪಲಿ ಬಿಚ್ಚಿಸಿದ ಜನರ ನೆನಪಿಗೆ 2005ರಲ್ಲಿ ಮಾಡಿದ್ದು. ಅಲ್ಲಿಗೆ ಹೋಗಿ, ಆದರೆ "ಮದುಮಗಳು" ಎಂದು ಬರೆದ ಪಟ್ಟಿ, ತಲೆಯ ಕಿರೀಟ ತೆಗೆದಿಡಿ. ಸೆಲ್ಫಿ ಬೇಡ. ನಮ್ಮ ಗುಂಪು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಯಾರ ಖುಷಿಯೂ ಅದರಿಂದ ಕಡಿಮೆ ಆಗಲಿಲ್ಲ.

ಭಾನುವಾರ

ತಡವಾಗಿ ಎದ್ದು ತಿಂಡಿ. ಆ ಮೇಜಿನ ಮೇಲೇ ಲೆಕ್ಕ ಮುಗಿಸಿ. ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಎರಡು ದಿನವೂ ಬರೆದಿಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಆಮೇಲೆ ಮಾಡೋಣ ಎಂದರೆ ಮದುವೆ ಮುಗಿದರೂ ಮುಗಿಯದು.

ನಾವು ಆ ತಿಂಡಿಯ ಹೊತ್ತಿಗೆ ಇನ್ನೊಂದು ಕೆಲಸ ಇಟ್ಟುಕೊಂಡಿದ್ದೆವು. ಒಬ್ಬಳು ಊರಿಂದ ಹಸಿರು ಗಾಜಿನ ಬಳೆ ತಂದಿದ್ದಳು, ಬಟ್ಟೆಯಲ್ಲಿ ಸುತ್ತಿ, ಒಂದೂ ಒಡೆಯದ ಹಾಗೆ. ಒಬ್ಬೊಬ್ಬರೂ ಮದುಮಗಳ ಕೈಗೆ ಒಂದೊಂದು ಬಳೆ ತೊಡಿಸಿದೆವು. ಈ ಸಲ ಒಂಬತ್ತೂ ಜನ ಇದ್ದೆವು. ಕೆಲೆಟಿ ನಿಲ್ದಾಣದಲ್ಲಿ ರೈಲು ಹತ್ತಿದ ಮೇಲೂ ಅವಳು ಅವುಗಳನ್ನು ತೆಗೆಯಲಿಲ್ಲ.