ಓಣಿಯ ಖುಲ್ಲಾ ಜಾಗಕ್ಕೆ ಹೈಸ್ಕೂಲು ಮಕ್ಕಳು ಆಡಲು ಬರಬೇಕಾದರೆ

ಎಂಟನೇ ಕ್ಲಾಸು ದಾಟುತ್ತಿದ್ದಂತೆ ಮಕ್ಕಳು ಆಟ ಬಿಟ್ಟರೆ ನಾವು ಮೊಬೈಲಿಗೆ ಬೈಯುತ್ತೇವೆ. ಮೊದಲು ನೋಡಬೇಕಾದದ್ದು ಮನೆಯಿಂದ ಮೈದಾನದವರೆಗಿನ ದಾರಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಲೆಕ್ಕದಲ್ಲಿ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿಗೆ, ಹುಡುಗಿಯರಲ್ಲಂತೂ ಶೇ 85ರಷ್ಟು ಮಂದಿಗೆ, ಅಷ್ಟು ಸಿಕ್ಕಿರಲಿಲ್ಲ. ಭಾರತ ತಂಡಕ್ಕೆ ಆಡಿದ ಕ್ರಿಕೆಟಿಗ, ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ ಮತ್ತೆ ಶಾಲೆಗೆ ಮರಳುತ್ತಿದ್ದರು. ಅಂಥ ಛಲ ಸಾವಿರದಲ್ಲಿ ಒಬ್ಬರದು. ಉಳಿದವರಿಗೆ ಮೈದಾನ ಓಣಿಯಲ್ಲೇ ಇರಬೇಕು.

ಸಂಜೆ ಐದೂವರೆಗೆ ಇಬ್ಬರು ಹುಡುಗಿಯರು, ಇಬ್ಬರು ಹುಡುಗರನ್ನು ಕರೆದುಕೊಂಡು ಮನೆಯಿಂದ ಆ ಜಾಗಕ್ಕೆ ನಡೆದು ಹೋಗಿ. ಹಾಳೆ, ಪೆನ್ಸಿಲ್ಲು ಅವರ ಕೈಯಲ್ಲೇ ಇರಲಿ. ಎಲ್ಲಿ ನಾಯಿ ಬೆನ್ನು ಹತ್ತುತ್ತವೆ, ಎಲ್ಲಿ ಬೀದಿದೀಪ ಉರಿಯುವುದಿಲ್ಲ, ಯಾವ ಪಾನ್ ಅಂಗಡಿಯ ಮುಂದೆ ತಲೆ ತಗ್ಗಿಸಿ ನಡೆಯಬೇಕಾಗುತ್ತದೆ, ಎಲ್ಲವನ್ನೂ ಗುರುತು ಹಾಕಲಿ. ಹತ್ತು ನಿಮಿಷದ ನಡಿಗೆ, ಅಂದರೆ 700–800 ಮೀಟರಿನೊಳಗೆ ಇದ್ದರೆ ಒಳ್ಳೆಯದು. ನಡುವೆ ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ (ಬಸ್ಸಿಗೆಂದೇ ಬೇರೆ ಪಥವಿರುವ) ರಸ್ತೆಯಂಥ ದೊಡ್ಡ ರಸ್ತೆ ಇದ್ದರೆ ಹತ್ತಿರದ ಜಾಗವೂ ದೂರವೇ: ದಾಟುವ ಭಯಕ್ಕೆ ಮನೆಯವರು ಕಳಿಸುವುದಿಲ್ಲ. ಚೆಂಡು, ನೆಟ್ಟು ಕೊಳ್ಳುವ ಮುಂಚೆ ಈ ಹಾಳೆಯನ್ನು ಅರ್ಜಿಗೆ ಲಗತ್ತಿಸಿ ವಾರ್ಡಿನ ಸದಸ್ಯರಿಗೆ ಕೊಡಿ, ಜಾಗ ಬಳಸಲು ಪಾಲಿಕೆ ಅಥವಾ ನಗರಸಭೆಯ ಅನುಮತಿಯನ್ನು ಬರಹದಲ್ಲೇ ಪಡೆಯಿರಿ.

ಚಿಕ್ಕ ಜಾಗಕ್ಕೆ ಕಬಡ್ಡಿಯೇ ಸರಿ. ಕ್ರಿಕೆಟ್ಟಿಗೆ ಬಿಟ್ಟರೆ ಹತ್ತು ದೊಡ್ಡ ಹುಡುಗರು ಇಡೀ ಬಯಲು ಹಿಡಿಯುತ್ತಾರೆ, ಕಿಟಕಿ ಗಾಜು ಒಡೆದ ದಿನ ಆಟವೇ ಬಂದ್. ಹುಡುಗಿಯರ ಕಬಡ್ಡಿ ಅಂಕಣ 12×8 ಮೀಟರ್. ಸುತ್ತ 2 ಮೀಟರ್ ಬಿಟ್ಟರೆ 16×12. ಗೆರೆ ಹಾಕುವಾಗ ಅರ್ಧ ಅಂಕಣ 6×8 ಆಗುತ್ತದಲ್ಲ, ಅದರ ಕರ್ಣ ಸರಿಯಾಗಿ 10 ಮೀಟರ್ ಬರಬೇಕು. ಬಂದಿಲ್ಲವೆಂದರೆ ಮೂಲೆ ಸೊಟ್ಟಗಾಗಿದೆ. ನಡುಗೆರೆಯಿಂದ 3 ಮೀಟರಿಗೆ ಬಾಕ್ ಗೆರೆ (ದಾಳಿಗೆ ಹೋದವರು ದಾಟಬೇಕಾದದ್ದು), ಅಲ್ಲಿಂದ 1 ಮೀಟರಿಗೆ ಬೋನಸ್ ಗೆರೆ. ಗೆರೆಗೆ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು.

ನಮ್ಮ ಕಡೆ ಕೆಲಸ ಕೆಡುವುದು ಮಣ್ಣಿನಲ್ಲಿ. ಗದಗ, ನವಲಗುಂದ, ಹುಬ್ಬಳ್ಳಿ ಕಡೆಯ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಕಾಲು ಸಿಕ್ಕರೆ ಹಿಮ್ಮಡಿ ಗಂಟು ಉಳುಕುತ್ತದೆ. ಮೇಲೆ ಬರೀ ಉಸುಕು ಸುರಿದರೆ ಬಿರುಕಿಗೆ ಇಳಿದು ಮಾಯವಾಗುತ್ತದೆ. ಹೀಗೆ ಮಾಡಿ: ಯುಗಾದಿ ಮುಗಿದ ಮೇಲೆ, ಮಳೆಗಾಲಕ್ಕೆ ಮುಂಚೆ, 15 ಸೆಂ.ಮೀ. ಎರೆ ಮಣ್ಣು ತೆಗೆಸಿ. ಅಲ್ಲಿ ಗರಸು (ಮೊರಂ) ಹಾಕಿ ರೋಲರ್ ಹೊಡೆಸಿ, 10 ಸೆಂ.ಮೀ. ದಪ್ಪ ಗಟ್ಟಿಯಾಗಿ ನಿಲ್ಲಬೇಕು. 16×12 ಜಾಗಕ್ಕೆ ಸಡಿಲ ಗರಸು ಸುಮಾರು 24 ಘನ ಮೀಟರ್, ಅಂದರೆ 100 ಘನ ಅಡಿಯ ಟ್ರಾಲಿಯಲ್ಲಿ ಒಂಬತ್ತು ಟ್ರಿಪ್. ಎರಡು ಪದರಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಅಂಗೈಗೆ ಅಂಟಬಾರದು, ಅದೇ ಹದ. ಉಳಿದ ಎತ್ತರಕ್ಕೆ ಜರಡಿ ಹಿಡಿದ ಕೆಂಪು ಮಣ್ಣು. ಜರಡಿ ಹಿಡಿಯದೆ ಹಾಕಿದರೆ ಒಂದೇ ಹಿಡಿತಕ್ಕೆ ಮೊಣಕಾಲು ತರಚುತ್ತದೆ. ನಡುಭಾಗ ಅಂಚಿಗಿಂತ 6 ಸೆಂ.ಮೀ. ಎತ್ತರವಿರಲಿ, ನೀರು ಹರಿದುಹೋಗಲು ಸುತ್ತ ಒಂದು ಅಡಿ ಅಗಲದ ಕಾಲುವೆ ತೋಡಿ.

ಗಣೇಶ ಹಬ್ಬದ ಪೆಂಡಾಲಿನವರು ಅಂಕಣದ ನಟ್ಟನಡುವೆ ತಗ್ಗು ತೋಡುತ್ತಾರೆ. ಬೇಡ ಎಂದರೆ ಜಗಳ. ಅಂಚಿನಾಚೆ ನಾಲ್ಕು ಪೈಪು ಹೂತು ಮುಚ್ಚಳ ಹಾಕಿಟ್ಟರೆ ಅವರ ಕಂಬಗಳು ಅದರಲ್ಲೇ ನಿಲ್ಲುತ್ತವೆ, ಮದುವೆ ಶಾಮಿಯಾನಕ್ಕೂ ಅದೇ.

ಹುಡುಗಿಯರಿಗೆ ಐದೂವರೆಯಿಂದ ಆರೂವರೆ ಮೀಸಲಿಡಿ, ಹುಡುಗರು ಆಮೇಲೆ. ಕತ್ತಲಿಗೆ ಮುಂಚಿನ ಹೊತ್ತನ್ನು ಹುಡುಗರಿಗೆ ಕೊಟ್ಟರೆ ಹುಡುಗಿಯರು ಬರುವುದೇ ಇಲ್ಲ. ಅಂಕಣ ಕಾಣುವ ಹಾಗೆ ಒಂದು ಕಟ್ಟೆ ಕಟ್ಟಿಸಿ: ಅಲ್ಲಿ ಅವ್ವಂದಿರು, ಅಜ್ಜಂದಿರು ಕೂತರೆ ಸಿಗರೇಟಿನ ಗುಂಪು ತಾನೇ ದೂರ ಸರಿಯುತ್ತದೆ. ಹತ್ತಿರದ ಶಾಲೆ ಅಥವಾ ಸಮುದಾಯ ಭವನದ ಶೌಚಾಲಯದ ಚಾವಿಯನ್ನು ಎದುರು ಮನೆಯ ಅಕ್ಕನ ಬಳಿ ಇಡಿ. ದೀಪಕ್ಕೆ ನಾಲ್ಕು ಮೂಲೆಗೆ 6 ಮೀಟರ್ ಕಂಬ, ತಲಾ 100 ವ್ಯಾಟಿನ ಎಲ್‌ಇಡಿ ಸಾಕು. ಮುಖ ಕೆಳಗಿರಲಿ, ಮನೆಗಳ ಕಿಟಕಿಗೆ ಬಡಿಯಬಾರದು. ಎಂಟೂವರೆಗೆ ಆರಿಸಿಬಿಡಿ.

ಎರಡು ವಾರ ದಿನವೂ ಬಂದವರನ್ನು ಎಣಿಸಿ, ಹುಡುಗಿಯರನ್ನು ಬೇರೆಯಾಗಿ. ಮೊದಲು ಬಂದು ಆಮೇಲೆ ನಿಂತವರ ಮನೆಗೆ ಹೋಗಿ ಕೇಳಿ. ಕಾರಣ ಬಹುತೇಕ ದಾರಿಯಲ್ಲೇ ಇರುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಉಪಯೋಗವಾಯಿತೆಂದು ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಹಿಮ್ಮಡಿ ಒತ್ತಿ ನೋಡಿ. ಕುಳಿ ಬಿದ್ದರೆ ಅವತ್ತು ಅಂಕಣದ ಮೇಲೆ ಯಾರೂ ಕಾಲಿಡಬಾರದು. ಹಸಿಯಲ್ಲಿ ತುಳಿದ ಮಣ್ಣು ಒಣಗಿದ ಮೇಲೆ ಗಟ್ಟಿ ಏಣುಗಳಾಗುತ್ತದೆ, ಮತ್ತೆ ರೋಲರ್ ಕರೆಸಬೇಕಾಗುತ್ತದೆ.