ಡಿಸ್ಚಾರ್ಜ್ ಆದ್ಮೇಲೆ ಊರಲ್ಲಿ ಶುರುವಾಗೋ ಕೆಲಸ: ನನ್ನ ಅನುಭವ

ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್. ಮೊದಲು ಒಂದು ದೊಡ್ಡ ಮಾನಸಿಕ ಆಸ್ಪತ್ರೆ ವಾರ್ಡಲ್ಲಿದ್ದೆ, ಈಗ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಇದೀನಿ, ನಾವೆಲ್ಲ ಡಿಎಂಎಚ್‌ಪಿ ಅಂತೀವಿ. ವಾರ್ಡಲ್ಲಿ ಪೂರ್ತಿ ಹುಷಾರಾದ್ರೂ ಅಲ್ಲೇ ಉಳಿದೋರನ್ನ ಬೇಕಾದಷ್ಟು ನೋಡಿದೀನಿ, ಮನೆಯವರು ಅಡ್ರೆಸ್ಸೇ ತಪ್ಪು ಕೊಟ್ಟು ಹೋಗಿರ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 19ನೇ ಸೆಕ್ಷನ್ನಲ್ಲಿ ಸ್ಪಷ್ಟವಾಗಿ ಇದೆ, ಮನೆಯವರು ಬೇಡ ಅಂದ್ರು ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಕೊಳ್ಳೋ ಹಾಗಿಲ್ಲ ಅಂತ. ಸರಿ, ಕಳಿಸಿದ್ವಿ ಅಂದ್ಕೊಳ್ಳಿ, ಮುಂದಿನ ತಿಂಗಳ ಮಾತ್ರೆ ಎಲ್ಲಿ ಸಿಗುತ್ತೆ?

ನನಗೆ ಇದೇ ದೊಡ್ಡ ಪ್ರಶ್ನೆ. ಕೌನ್ಸೆಲಿಂಗ್, ಜಾಗೃತಿ ಜಾಥಾ ಎಲ್ಲ ಆಮೇಲೆ.

ಒಬ್ರ ವಿಷಯ ಹೇಳ್ತೀನಿ, ಗುರುತು ಸಿಗೋ ವಿವರ ಬಿಟ್ಟಿದೀನಿ. ಸ್ಕಿಜೋಫ್ರೇನಿಯಾ ಅನ್ನೋ ಗಂಭೀರ ಮಾನಸಿಕ ಕಾಯಿಲೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ರು. ಮನೇಲಿ ವಯಸ್ಸಾದ ತಾಯಿ, ಅಣ್ಣ, ಅತ್ತಿಗೆ, ಮದುವೆ ವಯಸ್ಸಿಗೆ ಬಂದ ಅವರ ಮಗಳು. ಅಣ್ಣ ಮೊದಲ ಸಲವೇ "ಮೇಡಂ, ಹುಡುಗಿಗೆ ಸಂಬಂಧ ನೋಡ್ತಾ ಇದೀವಿ, ಇವನು ಜಗಲಿ ಮೇಲೆ ಕೂತು ಒಬ್ಬನೇ ಮಾತಾಡ್ತಿದ್ರೆ ಯಾರು ಬರ್ತಾರೆ" ಅಂದ. ನಾನು ಹಕ್ಕು, ಕಾಯ್ದೆ ಅಂತ ಬಾಯಿ ಬಿಡಲಿಲ್ಲ. ರಾತ್ರಿ ಯಾರು ಎದ್ದಿರ್ತಿದ್ರು, ಹೊಡೆದಾಟ ಆಗಿತ್ತಾ, ಸಾಲ ಎಷ್ಟಾಯ್ತು ಅಂತ ಕೇಳ್ದೆ. ಅವರೂ ಸುಸ್ತಾಗಿರ್ತಾರೆ, ಅದನ್ನ ಯಾರೂ ಕೇಳಿರಲ್ಲ.

ಮಾತ್ರೆ ಉಗಿದುಬಿಡ್ತಾರೆ ಅನ್ನೋದು ತಾಯಿ ಭಯ. ಅದಕ್ಕೆ ಡಾಕ್ಟ್ರು ಡಿಪೋ ಇಂಜೆಕ್ಷನ್‌ಗೆ ಬದಲಾಯಿಸಿದ್ರು, ಕೆಲವು ವಾರಕ್ಕೊಂದು ಸಲ ಹಾಕ್ಸಿದ್ರೆ ಸಾಕು, ಊರಿನ ಹತ್ರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದ್ರೆ ಪಿಎಚ್‌ಸಿಯಲ್ಲೇ ಸಿಸ್ಟರ್ ಹಾಕ್ತಾರೆ, ಡೇಟ್ ತಪ್ಪಿದ್ರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬರ್ತಾರೆ. ಡಾಕ್ಟ್ರನ್ನ ನೋಡೋಕೆ ಮಂಗಳವಾರ ತಾಲ್ಲೂಕು ಆಸ್ಪತ್ರೆ, ಅಲ್ಲಿ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯ ಕ್ಲಿನಿಕ್ ಇರುತ್ತೆ. ಆದ್ರೆ ಎಲ್ಲರಿಗೂ ಇದೇ ದಾರಿ ಆಗಲ್ಲ. ಕ್ಲೋಜಪಿನ್ ಅನ್ನೋ ಮಾತ್ರೆ ಮೇಲಿರೋರಿಗೆ ಮೊದಲ 18 ವಾರ ವಾರವಾರ ರಕ್ತ ಪರೀಕ್ಷೆ ಬೇಕು, ತಾಲ್ಲೂಕು ಲ್ಯಾಬ್ ಜೊತೆ ಮೊದಲೇ ಮಾತಾಡಿ ಇಟ್ಕೊಳ್ದೆ ಅಂಥವರನ್ನ ಊರಿಗೆ ಕಳಿಸೋದು ನನ್ನ ಪ್ರಕಾರ ಅನ್ಯಾಯ.

ಸ್ಟಾಕ್ ಖಾಲಿ ಆಗೋದಂತೂ ಇದ್ದೇ ಇದೆ. ನಾನೀಗ ಫಾರ್ಮಸಿಸ್ಟ್ ಹತ್ರ ಕೂತು ಯಾವ ಪೇಷೆಂಟ್‌ಗೆ ಯಾವ ಮಾತ್ರೆ ಎಷ್ಟು ಅಂತ ಪಟ್ಟಿ ಮಾಡಿ ಇಂಡೆಂಟ್, ಅಂದ್ರೆ ಔಷಧಿ ಬೇಡಿಕೆ, ಮುಂಚೆನೇ ಹಾಕಿಸ್ತೀನಿ. ಇದು ಸೋಶಿಯಲ್ ವರ್ಕಾ ಅಂತ ಸಹೋದ್ಯೋಗಿಗಳು ನಗ್ತಾರೆ, ನಗಲಿ.

ಊರ ಹತ್ರಾನೇ ಚಿಕಿತ್ಸೆ ಕೊಡೋದು ಹೊಸ ಐಡಿಯಾ ಏನಲ್ಲ. 1970ರ ದಶಕದಲ್ಲೇ ನಿಮ್ಹಾನ್ಸ್‌ನೋರು ಆನೇಕಲ್ ಕಡೆ ಸಕಲವಾರದಲ್ಲಿ ಪಿಎಚ್‌ಸಿ ಡಾಕ್ಟ್ರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನೋಡಿದ್ರು, 1985ರಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಮಾಡಿದ್ರು, ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಡಿಎಂಎಚ್‌ಪಿ ಆಯ್ತು. ನಮ್ಮ ಬಳ್ಳಾರಿಯೋರಿಗೇ ಇದು ಗೊತ್ತಿರಲ್ಲ ನೋಡಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ಹತ್ರದ ಖಾಸಗಿ ಆಶ್ರಮದಲ್ಲಿ ಸರಪಳಿ ಹಾಕಿದ್ದ 28 ಜನ ಮಾನಸಿಕ ರೋಗಿಗಳು ಬೆಂಕಿಗೆ ಸತ್ರಲ್ಲ, ಹತ್ರದಲ್ಲಿ ಚಿಕಿತ್ಸೆ ಇಲ್ದಿದ್ರೆ ಮನೆಯವರು ಎಲ್ಲಿಗೆ ಬಿಟ್ಟು ಬರ್ತಾರೆ ಅನ್ನೋದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲು ಹೇಳಿದ್ನಲ್ಲ, ಅವರ ಮನೇಲಿ ವಾತಾವರಣ ಬದಲಾಗಿದ್ದು ದುಡ್ಡಿಂದ, ಸುಮ್ನೆ ಯಾಕೆ ಮುಚ್ಚಿಡ್ಲಿ. ವೈಕಲ್ಯ 40 ಪರ್ಸೆಂಟ್ ದಾಟಿತ್ತು, ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಮಾಡಿಸಿದ್ವಿ, ಪಿಂಚಣಿ ಬಂತು. ಆಮೇಲೆ ನರೇಗಾ ಕೆಲಸಕ್ಕೂ ಹೋದ್ರು, ಮಧ್ಯಾಹ್ನದ ಮೇಲೆ ಆಗಲ್ಲ, ಔಷಧಿಗೆ ತೂಕಡಿಕೆ ಬರುತ್ತೆ, ಕೆಲಸ ನೋಡ್ಕೊಳ್ಳೋ ಮೇಟಿಗೆ ಹೇಳಿ ಹಗುರ ಕೆಲಸ ಕೊಡಿಸಿದ್ವಿ. ಅತ್ತಿಗೆ ಈಗ ಅವರಿಗೂ ಸೇರಿಸಿ ಬುತ್ತಿ ಕಟ್ತಾರೆ. ರಾತ್ರಿ ಏನಾದ್ರೂ ಆದ್ರೆ ಫೋನ್ ಮಾಡೋಕೆ ಓಪಿ ಚೀಟಿ ಹಿಂದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಬರ್ದು ಕೊಟ್ಟಿದೀನಿ, ಕನ್ನಡದಲ್ಲೇ ಮಾತಾಡ್ತಾರೆ.

ಜಮೀನು ಪಾಲಿನ ಮಾತು ಬಂದ್ರೆ ಮಾತ್ರ ಅಣ್ಣ ಈಗಲೂ ಸಿಡುಕ್ತಾನೆ. ಅದು ನನ್ನ ಕೈಲಿ ಆಗೋದಲ್ಲ, ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿಸಿದೀನಿ, ಅಲ್ಲಿ ವಕೀಲರಿಗೆ ಫೀಸ್ ಕೊಡಬೇಕಾಗಿಲ್ಲ.